ಟವರ್ ಒಂದು ಹೇಳಿ, ಅಲಾರಂ ಇನ್ನೊಂದು ಹೇಳಿದರೆ ಪೈಲಟ್ ಯಾರ ಮಾತು ಕೇಳಬೇಕು?

ಪ್ರಶ್ನೆ: ಕೆಂಪೇಗೌಡ ವಿಮಾನ ನಿಲ್ದಾಣದಿಂದ ಆಗಾಗ ಓಡಾಡ್ತೀನಿ. ಎರಡು ವಿಮಾನ ಡಿಕ್ಕಿ ಹೊಡೆಯೋದು ಸ್ವಲ್ಪದರಲ್ಲಿ ತಪ್ಪಿತು ಅಂತ ಸುದ್ದಿ ಬಂದಾಗಲೆಲ್ಲ ಭಯ ಆಗುತ್ತೆ. ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್ ತಪ್ಪು ಮಾಡಿದ್ರೆ ನಮ್ಮನ್ನು ಕಾಯೋರು ಯಾರು?

ಉತ್ತರ: ಮೊದಲಿಗೆ, ವಿಮಾನದಲ್ಲೇ ಇರುವ ಟಿಕ್ಯಾಸ್ ಎಂಬ ಯಂತ್ರ. ಅದು ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರ್ (ವಿಮಾನದ ಗುರುತು, ಎತ್ತರ ತಿಳಿಸುವ ರೇಡಿಯೊ ಸಾಧನ) ಜೊತೆ ನೇರವಾಗಿ ಮಾತಾಡುತ್ತದೆ. ನೆಲದ ರೇಡಾರ್‌ನ ಹಂಗು ಅದಕ್ಕಿಲ್ಲ. ಇನ್ನೊಂದು ವಿಮಾನ ತೀರಾ ಹತ್ತಿರ ಬರುತ್ತಿದ್ದರೆ ಕಾಕ್‌ಪಿಟ್‌ನಲ್ಲಿ ‘ಟ್ರಾಫಿಕ್, ಟ್ರಾಫಿಕ್’ ಎಂದು ಕೂಗುತ್ತದೆ. ಇದು ಬರೀ ಎಚ್ಚರಿಕೆ. ಅಪಾಯ ಇನ್ನೂ ಜಾಸ್ತಿಯಾದರೆ ‘ಕ್ಲೈಂಬ್, ಕ್ಲೈಂಬ್’ ಅಥವಾ ‘ಡಿಸೆಂಡ್, ಡಿಸೆಂಡ್’ ಅನ್ನುತ್ತದೆ. ಇದು ಅಪ್ಪಣೆ. ಎರಡೂ ವಿಮಾನಗಳ ಯಂತ್ರಗಳು ತಮ್ಮಲ್ಲೇ ಹೊಂದಿಸಿಕೊಂಡು, ಒಂದಕ್ಕೆ ಏರು ಅಂದರೆ ಇನ್ನೊಂದಕ್ಕೆ ಇಳಿ ಅನ್ನುತ್ತವೆ. ಟವರ್ ಬೇರೆ ಹೇಳಿದರೂ ಪೈಲಟ್ ಅದರಂತೆಯೇ ನಡೆದು, ರೇಡಿಯೊದಲ್ಲಿ ‘ಟಿಕ್ಯಾಸ್ ಆರ್‌ಎ’ (ಆರ್‌ಎ ಅಂದರೆ ಟಿಕ್ಯಾಸ್ ಕೊಡುವ ಈ ಅಪ್ಪಣೆ) ಎಂದಷ್ಟೇ ತಿಳಿಸುತ್ತಾರೆ. ಆಮೇಲೆ ಅಪಾಯ ಕಳೆಯುವವರೆಗೆ ಕಂಟ್ರೋಲರ್ ಬೇರೆ ದಾರಿ ಹೇಳುವಂತಿಲ್ಲ.

ಈ ನಿಯಮ ಇಷ್ಟು ಖಡಾಖಂಡಿತವಾಗಿದ್ದು ದೊಡ್ಡ ದುರಂತದ ನಂತರ. 2002ರ ಜುಲೈ 1ರ ರಾತ್ರಿ, ಜರ್ಮನಿಯ ಊಬರ್ಲಿಂಗನ್ ಬಳಿ. ಕೆಲಸದಲ್ಲಿದ್ದದ್ದು ಒಬ್ಬರೇ ಕಂಟ್ರೋಲರ್. ಜೊತೆಯವರು ವಿಶ್ರಾಂತಿಗೆ ಹೋಗಿದ್ದರು, ಮುಖ್ಯ ಫೋನ್ ಲೈನ್ ರಿಪೇರಿಗೆಂದು ಬಂದ್ ಆಗಿತ್ತು. ರಷ್ಯಾದ ವಿಮಾನಕ್ಕೆ ಟಿಕ್ಯಾಸ್ ‘ಏರು’ ಅಂದಿತು, ಕಂಟ್ರೋಲರ್ ‘ಇಳಿಯಿರಿ’ ಅಂದರು. ಪೈಲಟ್‌ಗಳು ಇಳಿದರು. ಎದುರಿನ ಸರಕು ವಿಮಾನವೂ ತನ್ನ ಟಿಕ್ಯಾಸ್ ಹೇಳಿದಂತೆ ಇಳಿಯುತ್ತಿತ್ತು. ಸತ್ತವರು 71 ಮಂದಿ, ಹೆಚ್ಚಿನವರು ಮಕ್ಕಳು. ನಮ್ಮ ದೇಶದಲ್ಲಿ ಟಿಕ್ಯಾಸ್ ಕಡ್ಡಾಯವಾಗಿದ್ದು 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿ ಬಳಿ ಎರಡು ವಿಮಾನ ಡಿಕ್ಕಿ ಹೊಡೆದ ನಂತರ. ಅಲ್ಲಿ 349 ಜನ ಸತ್ತರು.

ಬೆಂಗಳೂರಿನ ಆಕಾಶದಲ್ಲೂ ಇದು ಕೆಲಸಕ್ಕೆ ಬಂದಿದೆ. 2018ರ ಜುಲೈ 10ರಂದು ಕೊಯಮತ್ತೂರಿನಿಂದ ಹೈದರಾಬಾದಿಗೆ ಹೊರಟಿದ್ದ ವಿಮಾನ, ಬೆಂಗಳೂರಿನಿಂದ ಕೊಚ್ಚಿಗೆ ಹೊರಟಿದ್ದ ಇನ್ನೊಂದು, ಎರಡರ ನಡುವೆ ಎತ್ತರದಲ್ಲಿ ಕೇವಲ 200 ಅಡಿ ಅಂತರ ಉಳಿದಿತ್ತು. ಇರಬೇಕಾದದ್ದು 1000 ಅಡಿ. ಟಿಕ್ಯಾಸ್ ಕೂಗಿತು, ಪೈಲಟ್‌ಗಳು ಕೇಳಿದರು, ಎಲ್ಲರೂ ಕ್ಷೇಮವಾಗಿ ಇಳಿದರು.

ಆದರೆ ನೆಲದಿಂದ ಸುಮಾರು 1000 ಅಡಿಗಿಂತ ಕೆಳಗೆ ಟಿಕ್ಯಾಸ್ ಏರು-ಇಳಿ ಅನ್ನುವ ಅಪ್ಪಣೆ ಕೊಡುವುದಿಲ್ಲ. ಟೇಕಾಫ್ ಆದ ಆ ಮೊದಲ ಕ್ಷಣಗಳಲ್ಲಿ ಮನುಷ್ಯರ ಕಣ್ಣೇ ಗತಿ. 2022ರ ಜನವರಿ 7ರ ಬೆಳಗ್ಗೆ ಕೆಂಪೇಗೌಡ ನಿಲ್ದಾಣದಲ್ಲಿ ಆದದ್ದು ನನ್ನನ್ನು ಜಾಸ್ತಿ ಕಾಡುವುದು ಇದಕ್ಕೇ. ಅವತ್ತು ಉತ್ತರದ ರನ್‌ವೇ ಟೇಕಾಫ್‌ಗೆ, ದಕ್ಷಿಣದ್ದು ಲ್ಯಾಂಡಿಂಗ್‌ಗೆ ಅಂತಿತ್ತು. ಆಮೇಲೆ ಎಲ್ಲವನ್ನೂ ಉತ್ತರದ ರನ್‌ವೇಯಲ್ಲೇ ಮಾಡೋಣ ಎಂದು ಶಿಫ್ಟ್ ಇನ್‌ಚಾರ್ಜ್ ತೀರ್ಮಾನಿಸಿದರು. ಆ ಮಾತು ದಕ್ಷಿಣದ ಟವರ್‌ಗೆ ತಲುಪಲಿಲ್ಲ. ಅವರು ಕೋಲ್ಕತ್ತ ವಿಮಾನ ಬಿಟ್ಟರು, ಉತ್ತರದವರು ಭುವನೇಶ್ವರದ್ದನ್ನು ಬಿಟ್ಟರು. ಅಕ್ಕಪಕ್ಕದ ರನ್‌ವೇಗಳಿಂದ ಒಂದೇ ದಿಕ್ಕಿಗೆ ಎದ್ದ ಎರಡೂ ವಿಮಾನ ಒಂದರತ್ತ ಒಂದು ವಾಲತೊಡಗಿದವು. ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಜನ. ರೇಡಾರ್ ಪರದೆ ಮುಂದೆ ಕೂತಿದ್ದ ಅಪ್ರೋಚ್ ಕಂಟ್ರೋಲರ್ (ನಿಲ್ದಾಣದ ಸುತ್ತಲ ಆಕಾಶ ನೋಡಿಕೊಳ್ಳುವವರು) ಕಂಡುಹಿಡಿದು, ಎರಡನ್ನೂ ಬೇರೆ ಬೇರೆ ಕಡೆಗೆ ತಿರುಗಿಸಿದರು.

ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿದರು. ವ್ಯವಸ್ಥೆ ಇರಬೇಕಾದದ್ದೇ ಹಾಗೆ. ಕೋಪ ಬರುವುದು ಮುಂದಿನದಕ್ಕೆ: ಘಟನೆಯನ್ನು ಲಾಗ್‌ಬುಕ್‌ನಲ್ಲಿ ಬರೆದೇ ಇರಲಿಲ್ಲ ಎಂದು ಆಗ ವರದಿಯಾಯಿತು. ಬರೆದರೆ ಶಿಕ್ಷೆ ಅನ್ನುವ ಭಯ ಇದ್ದರೆ ಯಾರು ಬರೀತಾರೆ, ಅಲ್ವಾ? ಬರೆಯದಿದ್ದರೆ, ಮುಂದಿನ ಶಿಫ್ಟ್‌ನವರಿಗೆ ಯಾವ ಮಾತು ಎಲ್ಲಿ ತಪ್ಪಿತು ಅಂತ ಗೊತ್ತಾಗುವುದಾದರೂ ಹೇಗೆ? ಹಾಗಾಗಿ ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನುವ ಸುದ್ದಿ ಹೊರಬಂದಾಗ ನನಗೆ ಸಮಾಧಾನವೇ ಆಗುತ್ತದೆ. ಹೊರಬಂದರೆ ತನಿಖೆಯಾದರೂ ನಡೆಯುತ್ತದೆ.