ಗಾಝಿಯ ಕಾಂಡ್ಲಾ ಕಾಡು: ತೊಲೆಯ ವ್ಯಾಪಾರದಿಂದ ಇಂಗಾಲದ ಲೆಕ್ಕದವರೆಗೆ

ಮೊಂಬಾಸಾದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಕೆನ್ಯಾದ ಕ್ವಾಲೆ ಕೌಂಟಿಯ ಕಡಲಂಚಿನಲ್ಲಿ ಗಾಝಿ ಎಂಬ ಮೀನುಗಾರರ ಊರಿದೆ. ಇಲ್ಲಿನ ಹಳೆಯ ಕ್ರಮದ ಮನೆಗೆ ಬೇಕಾದದ್ದೆಲ್ಲ ಹತ್ತಿರದಲ್ಲೇ ಸಿಗುತ್ತಿತ್ತು. ಕಡಲಂಚಿನ ಉಪ್ಪುಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಮರದ ಕಂಬ ನೆಟ್ಟು, ಅದೇ ಮರದ ತೆಳು ಕೋಲುಗಳನ್ನು ಅಡ್ಡಡ್ಡ ಕಟ್ಟಿ, ಸಂದಿಗೆ ಮಣ್ಣು ಮೆತ್ತಿ, ಮೇಲೆ ತೆಂಗಿನ ಗರಿ ಹೊದಿಸಿದರೆ ಮನೆ ಸಿದ್ಧ. ಸ್ವಾಹಿಲಿಯಲ್ಲಿ ಈ ಕೋಲುಗಳಿಗೆ ದಪ್ಪಕ್ಕೆ ತಕ್ಕ ಹೆಸರುಗಳಿವೆ: ಅತಿ ತೆಳುವಾದದ್ದು ‘ಫಿಟೊ’, ಅದಕ್ಕಿಂತ ದಪ್ಪದ್ದು ‘ಪಾವು’, ತೊಲೆಗೆ ಒದಗುವುದು ‘ಬೊರಿಟಿ’.

ಬೊರಿಟಿ ಊರಿನ ಬಳಕೆಗೆ ಮಾತ್ರ ಉಳಿಯಲಿಲ್ಲ. ಶತಮಾನಗಳ ಕಾಲ ಹಾಯಿಹಡಗುಗಳು ಮುಂಗಾರು ಗಾಳಿ ಹಿಡಿದು ಇದನ್ನು ಮರ ಕಾಣದ ಅರಬ್ ನಾಡಿಗೂ ಪರ್ಷಿಯನ್ ಕೊಲ್ಲಿಗೂ ಹೊತ್ತೊಯ್ದವು. ಕೆನ್ಯಾದ ಉತ್ತರ ಕರಾವಳಿಯ ಲಾಮು ಪಟ್ಟಣದ ಹಳೆಯ ಹವಳಕಲ್ಲಿನ ಮನೆಗಳಲ್ಲಿ ಕೋಣೆಗಳು ಉದ್ದವಾಗಿ, ಕಿರಿದಾಗಿ ಇವೆ. ಕಾಂಡ್ಲಾ ತೊಲೆ ಎಷ್ಟು ಅಗಲಕ್ಕೆ ಚಾಚುತ್ತದೋ ಕೋಣೆಯೂ ಅಷ್ಟೇ ಅಗಲ. ಬಹುಕಾಲ ನಡೆದ ಈ ರಫ್ತನ್ನು ಕೆನ್ಯಾ ಸರ್ಕಾರ 1982ರಲ್ಲಿ ನಿಷೇಧಿಸಿತು.

ಅಷ್ಟರಲ್ಲಿ ಗಾಝಿಯ ಕಾಡು ಬೇರೊಂದು ಬಾಯಿಗೆ ಬಿದ್ದಾಗಿತ್ತು. 1970ರ ದಶಕದಲ್ಲಿ ಇಟ್ಟಿಗೆ ಗೂಡುಗಳಿಗೆ, ಸುಣ್ಣದ ಭಟ್ಟಿಗಳಿಗೆ ಸೌದೆಯಾಗಿ ಇಲ್ಲಿನ ಮರಗಳನ್ನು ಸಾರಾಸಗಟಾಗಿ ಕಡಿದರು. ಹೀಗೆ ಬೋಳಾದ ಕೆಲವು ಜಾಗಗಳಲ್ಲಿ ಕಾಡು ತಾನಾಗಿ ಮತ್ತೆ ಚಿಗುರಲಿಲ್ಲ. ನೆರಳಿಲ್ಲದ ಕೆಸರು ಬಿಸಿಲಿಗೆ ಕಾಯುತ್ತದೆ, ಅಲೆಗೆ ತಡೆಯಿಲ್ಲದೆ ಮರಳು ನುಗ್ಗುತ್ತದೆ, ಬೀಜ ಉದುರಿಸಲು ತಾಯಿಮರವೂ ಇರುವುದಿಲ್ಲ. ಏಡಿ, ಸಿಗಡಿ, ಮೀನುಮರಿಗಳು ಬೆಳೆಯುವುದು ಇದೇ ಬೇರುಗಳ ನಡುವೆ. ಭಟ್ಟಿಗೆ ಹೋದ ಮರದೊಂದಿಗೆ ಬಲೆ ಬೀಸುವವರ ಅನ್ನದ ಒಂದು ಪಾಲೂ ಹೋಯಿತು.

1991ರ ಸುಮಾರಿಗೆ ಕೆನ್ಯಾ ಸಾಗರ ಮತ್ತು ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಜೇಮ್ಸ್ ಕೈರೋ ಇಲ್ಲಿ ಮರು ನಾಟಿ ಶುರುಮಾಡಿದರು. ಸ್ಥಳೀಯರು ‘ಮ್ಕೋಕೊ’ ಎನ್ನುವ ಕಾಂಡ್ಲಾದ ಬೀಜ ಮರದ ಮೇಲೆಯೇ ಮೊಳೆಯುತ್ತದೆ. ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬಿದ್ದ ಹಸಿರು ಮೊಳಕೆ, ತುದಿ ಚೂಪು. ಇಳಿತದ ಹೊತ್ತಿನಲ್ಲಿ ಉದುರಿದರೆ ನೆಟ್ಟಗೆ ಕೆಸರಿಗೆ ಚುಚ್ಚಿ ನಿಲ್ಲಬಹುದು; ಭರತದ ಹೊತ್ತಿನಲ್ಲಿ ಬಿದ್ದರೆ ತೇಲುತ್ತಾ ಬೇರೆ ದಡ ಹುಡುಕುತ್ತದೆ. ನೆಡುವವರು ಮಾಡುವುದೂ ಇದನ್ನೇ. ಮೊಣಕಾಲುದ್ದ ಕೆಸರಿಗಿಳಿದು, ಬಗ್ಗಿ, ಒಂದೊಂದನ್ನೇ ಕೈಯಿಂದ ಚುಚ್ಚಬೇಕು. ಸಮುದ್ರ ಮತ್ತೆ ಏರಿ ಬರುವುದರೊಳಗೆ ಕೆಲಸ ಮುಗಿಯಬೇಕು.

ಈ ಕೆಸರಿಗೆ ಇನ್ನೊಂದು ಗುಣವಿದೆ. ಅದರಲ್ಲಿ ಆಮ್ಲಜನಕ ತೀರಾ ಕಡಿಮೆ. ಹೂತ ಎಲೆ, ಬೇರು ಬೇಗ ಕೊಳೆಯುವುದಿಲ್ಲ. ಹಾಗಾಗಿ ಮರಗಳು ಗಾಳಿಯಿಂದ ಹೀರಿದ ಇಂಗಾಲ ತಲೆಮಾರುಗಟ್ಟಲೆ ನೆಲದಲ್ಲೇ ಉಳಿಯುತ್ತದೆ. ಗಾಝಿ ಮತ್ತು ನೆರೆಯ ಮಕೊಂಗೆನಿಯ ಜನ ವಿಜ್ಞಾನಿಗಳೊಡನೆ ಸೇರಿ ಕಟ್ಟಿದ ‘ಮಿಕೋಕೊ ಪಮೋಜಾ’ ಯೋಜನೆ ನಿಂತಿರುವುದು ಈ ಗುಣದ ಮೇಲೆ. ಹೆಸರಿನ ಅರ್ಥ ‘ಒಟ್ಟಾಗಿ ಕಾಂಡ್ಲಾ’. 2013ರಲ್ಲಿ ಇಂಥ ಯೋಜನೆಗಳನ್ನು ಪರಿಶೀಲಿಸಿ ಮಾನ್ಯ ಮಾಡುವ ‘ಪ್ಲಾನ್ ವಿವೊ’ ಸಂಸ್ಥೆಯ ಮಾನ್ಯತೆ ದೊರೆತ ಮೇಲೆ, 117 ಹೆಕ್ಟೇರ್ ಕಾಡಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹಕ್ಕುಪತ್ರಗಳನ್ನು (ತಮ್ಮ ಹೊಗೆಗೆ ಬದಲಾಗಿ ಬೇರೆಯವರು ಹಣ ಕೊಟ್ಟು ಕೊಳ್ಳುವ ‘ಕಾರ್ಬನ್ ಕ್ರೆಡಿಟ್’) ಮಾರಲು ದಾರಿಯಾಯಿತು. ಕಾಂಡ್ಲಾ ಕಾಡನ್ನು ಹೀಗೆ ಇಂಗಾಲದ ಮಾರುಕಟ್ಟೆಗೆ ತಂದ ಜಗತ್ತಿನ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. 2017ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು.

ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು ಹಣ ಯಾರ ಕೈಯಲ್ಲಿ ಖರ್ಚಾಗುತ್ತದೆ ಎಂಬುದು. ಬೊರಿಟಿಗೆ ಬೆಲೆ ಕಟ್ಟಿದವರು ಹಡಗಿನ ವರ್ತಕರು, ಸೌದೆಗೆ ಬೆಲೆ ಕಟ್ಟಿದವರು ಭಟ್ಟಿಯವರು. ಈಗಲೂ ಕೊಳ್ಳುವವರು ಬಹುಪಾಲು ದೂರದವರೇ. ಆದರೆ ಬಂದ ಹಣ ಕುಡಿಯುವ ನೀರಿಗೋ ಶಾಲೆಯ ಪುಸ್ತಕಕ್ಕೋ ಎಂದು ತೀರ್ಮಾನಿಸುವುದು ಊರಿನವರು ಸೇರಿದ ಸಭೆ. ಆರಂಭದ ವರ್ಷಗಳಲ್ಲಿ ಅಷ್ಟೂ ಟನ್ನಿಗೆ ಸಿಕ್ಕಿದ್ದು ವರ್ಷಕ್ಕೆ ಹತ್ತು ಹದಿನೈದು ಸಾವಿರ ಡಾಲರ್. ಜಗತ್ತಿನ ಹೊಗೆಯನ್ನು ಹೂತಿಡುವ ಕೆಲಸಕ್ಕೆ ಇದು ಬಹಳ ಕಡಿಮೆ ಕೂಲಿ.

ಈ ಯೋಜನೆಗೆ ಸೇರಿದ ಕಾಡಿನಲ್ಲಿ ಮರ ಕಡಿಯುವಂತಿಲ್ಲ. ಮನೆಗೆ ಕಂಬ ಬೇಕೇ ಬೇಕು. 2018ರಲ್ಲಿ ಸರ್ಕಾರ ದೇಶದಾದ್ಯಂತ ಸಾರ್ವಜನಿಕ ಕಾಡುಗಳಲ್ಲಿ ಮರ ಕಡಿಯುವುದನ್ನು ತಡೆಹಿಡಿದಾಗ ಲಾಮುವಿನ ಕಾಂಡ್ಲಾ ಕಡಿಯುವವರ ದುಡಿಮೆಯೇ ನಿಂತುಹೋಯಿತು. ಬದಲಿ ದಾರಿ ತೋರಿಸದೆ ‘ಕಡಿಯಬೇಡಿ’ ಎಂದರೆ ಆ ಭಾರ ಬೀಳುವುದು ಬಡವರ ಮೇಲೆ. ಗಾಝಿಯವರು ಇದನ್ನು ಮೊದಲೇ ಯೋಚಿಸಿದ್ದರು: ಕಂಬಕ್ಕೂ ಸೌದೆಗೂ ಆಗಲಿ ಎಂದು ಗಟ್ಟಿ ನೆಲದಲ್ಲಿ ಗಾಳಿಮರದ ತೋಪು ಬೆಳೆಸುವುದೂ ಅವರ ಯೋಜನೆಯ ಭಾಗವೇ ಆಗಿದೆ.