ಜೀರುಂಡೆಯ ಬೆನ್ನಿನ ಮೇಲೊಂದು ಮೋಡ

ಕೀಟಗಳ ಚಿತ್ರಕ್ಕೆ ಫ್ಲ್ಯಾಶ್ ಕೂಡದು, ಬಿಸಿಲೇ ಸಹಜ ಎಂದು ವಾದಿಸುವವರನ್ನು ಒಮ್ಮೆ ಮಣಿಪಾಲದ ನಡುಮಧ್ಯಾಹ್ನದಲ್ಲಿ ನಿಲ್ಲಿಸಬೇಕು. ಜೀರುಂಡೆಯ ಬೆನ್ನಿನ ಮೇಲೆ ಸುಣ್ಣದ ಬೊಟ್ಟಿಟ್ಟಂತೆ ಹೊಳಪು, ಹೊಟ್ಟೆಯಡಿ ಮಸಿ. ಬಿಸಿಲಿನಷ್ಟು ಒರಟು ಬೆಳಕು ಇನ್ನೊಂದಿಲ್ಲ.

ಬೆಳಕು ಒರಟೋ ಮೃದುವೋ ಎನ್ನುವುದಕ್ಕೂ ಅದರ ಪ್ರಖರತೆಗೂ ಸಂಬಂಧವಿಲ್ಲ. ಕೀಟ ಕುಳಿತಲ್ಲಿಂದ ಆ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದೇ ಮುಖ್ಯ. ಸುಮಾರು 14 ಲಕ್ಷ ಕಿಲೋಮೀಟರ್ ಅಡ್ಡಳತೆಯ ಸೂರ್ಯ ನಮ್ಮ ಆಕಾಶದಲ್ಲಿ ಬರೀ ಅರ್ಧ ಡಿಗ್ರಿ. ಚಾಚಿದ ಕೈಯ ಕಿರುಬೆರಳಿನ ಹಿಂದೆ ಅಡಗಿಬಿಡುತ್ತಾನೆ. 10 ಸೆಂಟಿಮೀಟರ್ ಅಗಲದ ಟ್ರೇಸಿಂಗ್ ಹಾಳೆಯನ್ನು ಫ್ಲ್ಯಾಶಿನ ಮುಂದೆ, ಕೀಟದಿಂದ 5 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಬೆಳಗುವ ಆ ಹಾಳೆಯೇ ದೀಪವಾಗಿ 90 ಡಿಗ್ರಿ ಆವರಿಸುತ್ತದೆ. ನಂಬಿಕೆ ಬಾರದಿದ್ದರೆ ಉಡುಪಿಯ ಹೋಟೆಲಿನ ಸ್ಟೀಲ್ ಲೋಟ ನೋಡಿ: ಬಲ್ಬಿನ ಪ್ರತಿಬಿಂಬ ಚುಚ್ಚುವ ಚುಕ್ಕೆ, ಕಿಟಕಿಯದು ನಯವಾದ ಪಟ್ಟಿ. ಜೀರುಂಡೆಯ ಬೆನ್ನು ಆ ಲೋಟದ ತಮ್ಮ. ಆಟಿ ತಿಂಗಳಲ್ಲಿ ಮೋಡ ಕವಿದಾಗ ಅಂಗಳದಲ್ಲಿ ನಮ್ಮ ನೆರಳೇ ಕಾಣೆಯಾಗುತ್ತದಲ್ಲ, ಆಗ ಇಡೀ ಆಕಾಶವೇ ದೀಪ. ಹಾಳೆ ಹಿಡಿಯುವುದೆಂದರೆ ಒಂದೇ ಒಂದು ಹುಳುವಿಗೆ ಆಟಿಯ ಮೋಡ ಕಟ್ಟಿಕೊಡುವುದು.

ಫ್ಲ್ಯಾಶಿನ ಇನ್ನೊಂದು ಗುಣ ಅದರ ಅಲ್ಪಾಯುಷ್ಯ. 1851ರಲ್ಲಿ ಲಂಡನ್ನಿನಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಟಾಲ್ಬಾಟ್, ತಿರುಗುವ ಚಕ್ರಕ್ಕೆ ಪತ್ರಿಕೆಯ ಹಾಳೆ ಅಂಟಿಸಿ, ವಿದ್ಯುತ್ ಕೂಡಿಡುವ ಲೇಡನ್ ಜಾಡಿಗಳ ಕಿಡಿಯಲ್ಲಿ ಅದರ ಚಿತ್ರ ತೆಗೆದ, ಅಕ್ಷರಗಳನ್ನು ಓದಬಹುದಿತ್ತು. ಇಂದಿನ ಪುಟ್ಟ ಫ್ಲ್ಯಾಶ್ ಕಡಿಮೆ ಶಕ್ತಿಯಲ್ಲಿ ಉರಿಯುವುದೂ ಸೆಕೆಂಡಿನ 10,000ದಲ್ಲೊಂದು ಭಾಗದ ಆಸುಪಾಸು. ಗಾಳಿಗೆ ಓಲಾಡುವ ಎಲೆಯೂ ನಿಂತುಬಿಡುತ್ತದೆ.

ಆದರೆ ಫೋಕಸ್ ನಿಲ್ಲುವುದಿಲ್ಲ. ಕ್ಯಾಮೆರಾದ ಸೆನ್ಸರಿನ ಮೇಲಿನ ಬಿಂಬ ಕೀಟದಷ್ಟೇ ದೊಡ್ಡದಿದ್ದಾಗ, ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರ ಎಫ್ 11ರ ಅಳತೆಯಲ್ಲಿದ್ದರೆ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ರಂಧ್ರವನ್ನು ಎಫ್ 32ಕ್ಕೆ ಕಿರಿದಾಗಿಸಿದರೆ, ಇಕ್ಕಟ್ಟಿನಲ್ಲಿ ನುಸುಳಿದ ಬೆಳಕು ಹರಡಿಕೊಳ್ಳುವ ವಿವರ್ತನೆಯಿಂದ ಇಡೀ ಚಿತ್ರವೇ ಮಸುಕು. ಹಾಗಾಗಿ ಲೆನ್ಸಿನ ಉಂಗುರ ತಿರುಗಿಸುವುದನ್ನು ಬಿಡಿ. ಫೋಕಸನ್ನು ಒಂದೆಡೆ ಕಟ್ಟಿಹಾಕಿ, ಎಡಗೈಯಲ್ಲಿ ಕೀಟ ಕುಳಿತ ಕಡ್ಡಿ ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಊರಿ, ಮೈಯನ್ನೇ ಕೂದಲೆಳೆಯಷ್ಟು ಮುಂದಕ್ಕೆ ಬಾಗಿಸಿ. ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸುವವರ ಮಾತು ಬೇಡ. ಬೆಳಿಗ್ಗೆ ಆರೂವರೆಗೆ ಹೋದರೆ ತಂಪಿಗೆ ಅದೇ ನಿಧಾನವಾಗಿರುತ್ತದೆ, ಕಡಲಗಾಳಿಯೂ ಎದ್ದಿರುವುದಿಲ್ಲ.

ಕಳೆದ ವಾರ ಗೇರುಮರದ ಚಗಳಿ ಇರುವೆಯೊಂದರ ಕಣ್ಣಿಗೆ ಹೀಗೆಯೇ ಗುರಿಯಿಟ್ಟು ಬಾಗಿದ್ದೆ. 31 ಚಿತ್ರಗಳಲ್ಲಿ ಒಂದರಲ್ಲಿ ಮಾತ್ರ ಕಣ್ಣು ಸ್ಪಷ್ಟ. ಉಳಿದವುಗಳಲ್ಲಿ ದವಡೆ, ಮೀಸೆ, ಕಾಲು. ಕೊನೆಯ ನಾಲ್ಕರಲ್ಲಿ ಬರೀ ಎಲೆ. ಅಷ್ಟರಲ್ಲಿ ಅದರ ಬಳಗ ನನ್ನ ಅಂಗಿಯ ತೋಳಿನೊಳಗೆ ಹೊಕ್ಕಿತ್ತು.