ಅಶ್ವದಳದಿಂದ ಅರಣ್ಯ ಮಾಲೀಕರ ಸಂಘಕ್ಕೆ: ಫಿಲಿಪ್ ಫಾನ್ ಬೋಸೆಲಾಗರ್ ಕುರಿತ ಅಧ್ಯಯನ ಟಿಪ್ಪಣಿ

ಜರ್ಮನ್ ಸೇನಾಧಿಕಾರಿ ಬೋಸೆಲಾಗರ್ ಹೆಸರು ಕೇಳಿದೊಡನೆ ಎಲ್ಲರೂ 1944ರ ಜುಲೈ 20ರ ಹಿಟ್ಲರ್ ಹತ್ಯಾಯತ್ನದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಆತ 1968ರಿಂದ 1988ರವರೆಗೆ ಜರ್ಮನಿಯ ಅರಣ್ಯ ಮಾಲೀಕರ ಸಂಘಗಳ ಒಕ್ಕೂಟದ ಅಧ್ಯಕ್ಷನಾಗಿದ್ದದ್ದು ಕೊನೆಯ ಸಾಲಿಗೆ ಸರಿದುಬಿಡುತ್ತದೆ. ಸೇನೆಯಲ್ಲಿ ಕಳೆದದ್ದು ಒಂಬತ್ತು ವರ್ಷ, ಒಕ್ಕೂಟದ ಚುಕ್ಕಾಣಿ ಹಿಡಿದದ್ದು ಇಪ್ಪತ್ತು ವರ್ಷ. ಈ ಟಿಪ್ಪಣಿಯಲ್ಲಿ ಎರಡನೆಯದಕ್ಕೇ ಹೆಚ್ಚು ಜಾಗ.

ಮೊದಲು ಸೇನೆಯ ಭಾಗ. ಹುಟ್ಟಿದ್ದು 1917ರ ಸೆಪ್ಟೆಂಬರ್ 6, ಬಾನ್ ಹತ್ತಿರದ ಹೈಮರ್ಟ್ಸ್‌ಹೈಮ್ ಕೋಟೆಯಲ್ಲಿ, ಕ್ಯಾಥೊಲಿಕ್ ಜಮೀನ್ದಾರಿ ಮನೆತನದಲ್ಲಿ. 1936ರಲ್ಲಿ ಪಾಡರ್‌ಬೋರ್ನ್‌ನ ಅಶ್ವದಳ ಸೇರಿದ. ಗಾಯಗೊಂಡ ಮೇಲೆ ಪೂರ್ವ ರಂಗದಲ್ಲಿ ಫೀಲ್ಡ್ ಮಾರ್ಷಲ್ ಕ್ಲೂಗೆಯ ಸಹಾಯಕ ಅಧಿಕಾರಿಯಾದ. 1942ರ ಬೇಸಿಗೆಯಲ್ಲಿ ಅವನ ಕೈಗೆ ಬಂದ ಎಸ್‌ಎಸ್ (ನಾಜಿ ಪಕ್ಷದ ಸಶಸ್ತ್ರ ಪಡೆ) ವರದಿಯೊಂದರಲ್ಲಿ ಐವರು ಜಿಪ್ಸಿಗಳಿಗೆ ‘ವಿಶೇಷ ಉಪಚಾರ’ ಮಾಡಲಾಯಿತು ಎಂದಿತ್ತು. ವಿಚಾರಿಸಿದಾಗ ಅದರರ್ಥ ಗುಂಡಿಕ್ಕಿ ಕೊಂದದ್ದು ಎಂದು ತಿಳಿಯಿತು. ಹಿಟ್ಲರನನ್ನು ಕೊಲ್ಲಲು ಹವಣಿಸುತ್ತಿದ್ದ ಸಂಚುಗಾರರ ಕಡೆ ಆತ ವಾಲಿದ್ದು ಅಲ್ಲಿಂದ.

ಇಲ್ಲಿ ಮೂರು ಕಡೆ ಎಡವುವವರು ಬಹಳ. ಮೊದಲನೆಯದು: 1943ರ ಮಾರ್ಚ್ 13ರಂದು ಹಿಟ್ಲರ್ ರಷ್ಯಾದ ಸ್ಮೊಲೆನ್ಸ್ಕ್‌ಗೆ ಬಂದಾಗ ಅವನನ್ನು ಕೊಲ್ಲಲು ಎರಡು ಬೇರೆ ಬೇರೆ ಯೋಜನೆಗಳಿದ್ದವು. ಊಟದ ಮನೆಯಲ್ಲಿ ಪಿಸ್ತೂಲಿನಿಂದ ಹೊಡೆಯುವುದು ಒಂದು. ಬೋಸೆಲಾಗರ್ ಇದ್ದದ್ದು ಇದರಲ್ಲಿ. ಎಸ್‌ಎಸ್ ಮುಖ್ಯಸ್ಥ ಹಿಮ್ಲರ್ ಬರುತ್ತಿಲ್ಲ ಎಂದು ಗೊತ್ತಾದಾಗ ಕ್ಲೂಗೆ ತಡೆದ. ಹಿಟ್ಲರ್ ಒಬ್ಬನೇ ಸತ್ತರೆ ಸೇನೆಗೂ ಎಸ್‌ಎಸ್‌ಗೂ ಅಂತರ್ಯುದ್ಧ ಹತ್ತಿಕೊಳ್ಳುತ್ತದೆ ಎಂಬ ಭಯ. ಮದ್ಯದ ಬಾಟಲಿಯ ಕಟ್ಟಿನೊಳಗೆ ಬಾಂಬಿಟ್ಟು ಹಿಟ್ಲರನ ವಿಮಾನಕ್ಕೆ ಹತ್ತಿಸಿದ್ದು ಇನ್ನೊಂದು. ಅದು ಸಿಡಿಯಲೇ ಇಲ್ಲ. ಎರಡನೆಯ ಗೊಂದಲ ಅಣ್ಣ ಗೇಯೊರ್ಗ್ ಮತ್ತು ತಮ್ಮ ಫಿಲಿಪ್‌ರಲ್ಲಿ ಯಾರು ಏನು ಮಾಡಿದರೆಂಬುದು. ಗೇಯೊರ್ಗ್: ಆತ 1944ರ ಆಗಸ್ಟ್‌ನಲ್ಲಿ ರಣರಂಗದಲ್ಲೇ ಸತ್ತ. ಜುಲೈ 20ರಂದು ಸಾವಿರಕ್ಕೂ ಹೆಚ್ಚು ಸವಾರರನ್ನು ಬರ್ಲಿನ್‌ಗೆ ಒಯ್ಯಲೆಂದು ವಿಮಾನ ನಿಲ್ದಾಣದತ್ತ ಹೊರಡಿಸಿದ್ದು ತಮ್ಮ ಫಿಲಿಪ್. ‘ಎಲ್ಲರೂ ಹಳೆಯ ಬಿಲಗಳಿಗೆ’ ಎಂದು, ಅಂದರೆ ಯತ್ನ ವಿಫಲವಾಯಿತೆಂದು, ಅಣ್ಣ ಕಳಿಸಿದ ಸಂಕೇತ ಸಿಕ್ಕಿದ ಮೇಲೆ ಪಡೆಯನ್ನು ಸದ್ದಿಲ್ಲದೆ ರಂಗಕ್ಕೆ ತಿರುಗಿಸಿದ. ಸೆರೆಸಿಕ್ಕ ಗೆಳೆಯರು ಬಾಯಿಬಿಡದ್ದರಿಂದ ಆತ ಬದುಕಿದ. ಮೂರನೆಯದು ಫಿಲಿಪ್‌ಗೆ ಅಂಟಿಸುವ ‘ಸಂಚಿನ ಕಟ್ಟಕಡೆಯ ಬದುಕುಳಿದವ’ ಎಂಬ ಬಿರುದು; ಅದು ಸರಿಯಲ್ಲ. ಫಿಲಿಪ್ ತೀರಿಕೊಂಡದ್ದು 2008ರ ಮೇ 1ರಂದು. ಸಂಚಿನಲ್ಲಿದ್ದ ಎವಾಲ್ಡ್-ಹೈನ್ರಿಷ್ ಫಾನ್ ಕ್ಲೈಸ್ಟ್ 2013ರವರೆಗೂ ಇದ್ದ.

ಯುದ್ಧ ಮುಗಿದ ಮೇಲೆ ಅರ್ಥಶಾಸ್ತ್ರ ಓದಿ, ಆರ್ ಕಣಿವೆಯ ಕ್ರೊಯ್ಟ್ಸ್‌ಬೆರ್ಗ್‌ನಲ್ಲಿ ನೆಲೆನಿಂತು ಅರಣ್ಯ ನಿರ್ವಹಣೆಗೆ ಕೈಹಾಕಿದ. ಅಶ್ವದಳದಿಂದ ಸಂಘಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ‘ಸೇನೆಯ ಶಿಸ್ತು ಸಂಘಟನೆಗೆ ನೆರವಾಯಿತು’ ಎಂಬ ಸಿದ್ಧ ಉತ್ತರ ಬರೆಯಬೇಡಿ, ಅದರಲ್ಲಿ ತಿರುಳಿಲ್ಲ. ಸಂಘಕ್ಕೆ ಹೋಗುವ ದಾರಿ ತೆರೆದದ್ದು ಭೂಮಿ ಮತ್ತು ಕಾಡಿನ ಒಡೆತನ. ಅಲ್ಲದೆ ಅಲ್ಲಿ ಆದೇಶ ನಡೆಯುವುದಿಲ್ಲ: ಸದಸ್ಯತ್ವ ಸ್ವಯಂಪ್ರೇರಿತ, ರಾಜ್ಯವಾರು ಸಂಘಗಳು ಒಪ್ಪಿದರಷ್ಟೇ ಒಕ್ಕೂಟದ ಮಾತಿಗೆ ಬೆಲೆ.

ಆ ಒಕ್ಕೂಟ ಯಾರನ್ನು ಪ್ರತಿನಿಧಿಸುತ್ತದೆ? 2012ರ ರಾಷ್ಟ್ರೀಯ ಅರಣ್ಯ ಗಣತಿಯ ಪ್ರಕಾರ ಜರ್ಮನಿಯ ಕಾಡು ಸುಮಾರು 1.14 ಕೋಟಿ ಹೆಕ್ಟೇರ್, ದೇಶದ ಮೂರನೇ ಒಂದು ಭಾಗ. ಅದರಲ್ಲಿ ಶೇ 48 ಖಾಸಗಿ, ಶೇ 19 ಊರು-ನಗರಾಡಳಿತಗಳಂಥ ಸಂಸ್ಥೆಗಳದು, ಉಳಿದದ್ದು ಸರ್ಕಾರದ್ದು. ಖಾಸಗಿ ಕಾಡಿನ ಅರ್ಧದಷ್ಟು 20 ಹೆಕ್ಟೇರ್‌ಗಿಂತ ಕಡಿಮೆಯ ಹಿಡುವಳಿ. ಕಾಡೆಂದರೆ ಅರಣ್ಯ ಇಲಾಖೆ ಎಂದೇ ತಿಳಿದ ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ: ಅಲ್ಲಿ ಹೊಲದಂತೆ ಕಾಡನ್ನೂ ಪಿತ್ರಾರ್ಜಿತವಾಗಿ ಪಡೆದ ಸಣ್ಣ ರೈತನಿದ್ದಾನೆ.

ಇಂಥವನಿಗೆ ಸಂಘ ಏಕೆ ಬೇಕು ಎಂಬುದನ್ನು ಬಿರುಗಾಳಿಯ ಉದಾಹರಣೆಯಿಂದ ತಿಳಿಯಬಹುದು. 1967ರಲ್ಲಿ ದಕ್ಷಿಣ ಜರ್ಮನಿಯಲ್ಲಿ, 1972ರ ನವೆಂಬರ್ 13ರಂದು ಲೋವರ್ ಸ್ಯಾಕ್ಸನಿಯಲ್ಲಿ ಬೀಸಿದ ಗಾಳಿ ಕಾಡುಗಳನ್ನೇ ಮಲಗಿಸಿತು. ಬಿದ್ದ ಸ್ಪ್ರೂಸ್ (ಸೂಜಿ ಎಲೆಯ ಜಾತಿ) ಮರವನ್ನು ವಸಂತದೊಳಗೆ ಹೊರತೆಗೆಯಬೇಕು. ಬಿಟ್ಟರೆ ತೊಗಟೆ ಕೊರೆಯುವ ದುಂಬಿ ಅದರಲ್ಲಿ ಮರಿಮಾಡಿ, ನಿಂತ ಮರಗಳಿಗೂ ಹತ್ತುತ್ತದೆ. ಹಾಗಾಗಿ ಎಲ್ಲರೂ ಒಟ್ಟಿಗೇ ಮಾರಲು ಹೊರಡುತ್ತಾರೆ. ಸಾಮಿಲ್ಲುಗಳು ಕೊಯ್ಯುವುದಕ್ಕೆ ಮಿತಿಯಿದೆ, ನಾಟಾ ರಾಶಿಬೀಳುತ್ತದೆ, ಬೆಲೆ ಕುಸಿಯುತ್ತದೆ. ಒಂದೂ ಮರ ಬೀಳದ ಊರಿನ ಮಾಲೀಕನಿಗೂ ಏಟು ಬೀಳುವುದು ಹೀಗೆ.

ಪರಿಹಾರವಾಗಿ ಬಂದದ್ದು 1969ರ ಆಗಸ್ಟ್ 29ರ ಅರಣ್ಯ ಹಾನಿ ಸಮತೋಲನ ಕಾಯ್ದೆ. ದೊಡ್ಡ ಹಾನಿಯಾದಾಗ ಹಸಿ ಮರದ ಸಾಮಾನ್ಯ ಕಡಿತಲೆಗೆ ಕೇಂದ್ರ ಸರ್ಕಾರ ಮಿತಿ ಹೇರಬಹುದು; ಬಿದ್ದ ಮರ ಮೊದಲು ಖಾಲಿಯಾಗಲಿ ಎಂಬ ಲೆಕ್ಕ. ಬದಲಿಗೆ ತೆರಿಗೆ ರಿಯಾಯಿತಿ ಮತ್ತು ಕಷ್ಟಕಾಲದ ನಿಧಿ ಕೂಡಿಡಲು ಅವಕಾಶ. ಇದು ಇಂದಿಗೂ ಜೀವಂತ: 2021ರಲ್ಲಿ ಸ್ಪ್ರೂಸ್ ಕಡಿತಲೆಯನ್ನು 2013–2017ರ ಸರಾಸರಿಯ ಶೇ 85ಕ್ಕೆ ಇಳಿಸಿದರು.

ಬೋಸೆಲಾಗರ್ ಅವಧಿಯ ಇನ್ನೊಂದು ಮೈಲಿಗಲ್ಲು 1975ರ ಮೇ 2ರ ಕೇಂದ್ರ ಅರಣ್ಯ ಕಾಯ್ದೆ. ಮೂರು ಕಲಮುಗಳು ಸಾಕು. 14ನೇ ಕಲಮು ಯಾರೇ ಆದರೂ ವಿಹಾರಕ್ಕೆ ಯಾರದೇ ಕಾಡಿಗೆ ಹೋಗಬಹುದು ಎನ್ನುತ್ತದೆ, ಆದರೆ ಹೋಗುವವನ ಸ್ವಂತ ಹೊಣೆಯ ಮೇಲೆ. ಮಾಲೀಕನಿಗೆ ಈ ಬಾಲಂಗೋಚಿಯೇ ಮುಖ್ಯ. ಅದಿಲ್ಲದಿದ್ದರೆ ಪ್ರತಿ ಒಣಕೊಂಬೆಗೂ ಅವನೇ ಜವಾಬುದಾರ. 41ನೇ ಕಲಮು ಸರ್ಕಾರದ ನೆರವಿಗೆ ಸಂಬಂಧಿಸಿದ್ದು. ಓದುವವರು ಹಾರಿಸಿಬಿಡುವುದು 40ನೆಯದನ್ನು: ಅರಣ್ಯ ಸಹಕಾರ ಗುಂಪುಗಳಿಗೆ ಸ್ಪರ್ಧಾ ಕಾನೂನಿನಿಂದ ವಿನಾಯಿತಿ. ಹತ್ತಾರು ಸಣ್ಣ ಮಾಲೀಕರು ಒಂದು ಬೆಲೆ ಹಿಡಿದು ಒಟ್ಟಾಗಿ ನಾಟಾ ಮಾರಿದರೆ ಕಾನೂನಿನ ಕಣ್ಣಿಗೆ ಅದು ಕಾರ್ಟೆಲ್, ಅಂದರೆ ಸ್ಪರ್ಧೆ ತಪ್ಪಿಸುವ ಬೆಲೆಕೂಟ. ಈ ವಿನಾಯಿತಿ ಇಲ್ಲದೆ ಗುಂಪು ಕಟ್ಟಿ ಪ್ರಯೋಜನವಿಲ್ಲ.

ಎಂಬತ್ತರ ದಶಕದಲ್ಲಿ ಸಮಸ್ಯೆ ಹೊಗೆಯದು. ಆಮ್ಲಮಳೆಯಿಂದ ಕಾಡು ಸಾಯುತ್ತಿದೆ ಎಂಬ ಕೂಗೆದ್ದು, 1983ರಲ್ಲಿ ದೊಡ್ಡ ಉಷ್ಣ ಸ್ಥಾವರಗಳ ಗಂಧಕದ ಡೈಆಕ್ಸೈಡ್‌ಗೆ ಘನಮೀಟರ್‌ಗೆ 400 ಮಿಲಿಗ್ರಾಂ ಮಿತಿ ಬಂತು. ಆದರೆ ಆಗಿಹೋದ ನಷ್ಟ ತುಂಬಿಕೊಡುವವರು ಯಾರು? ನೂರಾರು ಮೈಲಿ ಆಚೆಯಿಂದ ಬಂದ ಹೊಗೆ ಯಾವ ಚಿಮಣಿಯದೆಂದು ತೋರಿಸಲಾಗದು, ಹಾಗಾಗಿ ಕಾರ್ಖಾನೆಯ ಮೇಲೆ ದಾವೆ ನಿಲ್ಲುವುದಿಲ್ಲ. ಹೊಗೆಗೆ ಪರವಾನಗಿ ಕೊಟ್ಟ ಸರ್ಕಾರವೇ ಕೊಡಲಿ ಎಂದು ಕಾಡಿನ ಒಡೆಯನಾಗಿ ಆಗ್ಸ್‌ಬುರ್ಗ್ ನಗರ ಕೋರ್ಟಿಗೆ ಹೋಯಿತು. 1987ರ ಡಿಸೆಂಬರ್ 10ರಂದು ಕೇಂದ್ರ ನ್ಯಾಯಾಲಯ ದಾವೆ ವಜಾ ಮಾಡಿತು: ಇಂಥ ಪರಿಹಾರ ಕೊಡಬೇಕೆಂದರೆ ಶಾಸಕಾಂಗವೇ ಕಾನೂನು ಮಾಡಬೇಕು. ಬೋಸೆಲಾಗರ್ ಅಧ್ಯಕ್ಷಗಿರಿ ಬಿಟ್ಟದ್ದು ಮರುವರ್ಷ.